ತೆರಿಗೆ ಸೊನ್ನೆ ಅಂದರೆ ರಿಟರ್ನ್ ಬೇಡ ಅಂತಲ್ಲ: ಪೆನ್ಷನ್‌ದಾರರಿಗೊಂದು ಲೆಕ್ಕ

ಜೂನ್ ಅರ್ಧ ಕಳೆಯಿತೆಂದರೆ ನಮ್ಮ ಮನೆಯ ಊಟದ ಮೇಜಿನ ಮೇಲೆ ಬೇರೆಯವರ ಪಾಸ್‌ಬುಕ್ಕುಗಳು ಬಂದು ಕೂರುತ್ತವೆ. ನಾನು ಆಡಿಟರ್ ಅಲ್ಲ. ಕಚೇರಿಯೊಂದರ ಲೆಕ್ಕದ ವಿಭಾಗದಲ್ಲಿ ಇದ್ದು ರಿಟೈರ್ ಆದವನು. ಬೀದಿಯವರಿಗೆ ಅಷ್ಟೇ ಸಾಕು.

ಈ ಸಲ ಮೊದಲು ಬಂದವರು ಹಿಂದಿನ ಬೀದಿಯ ಮೇಷ್ಟ್ರು. ಕೈಯಲ್ಲಿ ಹಳೇ ಮದುವೆ ಕಾರ್ಡಿನ ಕವರು. ಒಳಗೆ ರಬ್ಬರ್ ಬ್ಯಾಂಡ್ ಸುತ್ತಿದ ಬ್ಯಾಂಕ್ ಪಾಸ್‌ಬುಕ್ಕು, ಅಂಚೆ ಕಚೇರಿಯದ್ದೊಂದು. ಕವರಿನ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಲೆಕ್ಕ ಬರೆದುಕೊಂಡೇ ಬಂದಿದ್ದರು. ಕೊನೆಯಲ್ಲಿ 3,98,300 ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು.

"12 ಲಕ್ಷದವರೆಗೆ ಟ್ಯಾಕ್ಸೇ ಇಲ್ವಂತೆ. ನಂದು 4 ಲಕ್ಷಾನೂ ಇಲ್ಲ. ಸುಮ್ನೆ ಯಾಕೆ ರಿಟರ್ನ್ ಹಾಕಲಿ?" ಅಂದರು.

ಅವರ ಲೆಕ್ಕದಲ್ಲಿ ಒಂದು ತಪ್ಪಿತ್ತು. ಅದನ್ನು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು, 12 ಲಕ್ಷದ ಮಾತು ಕೇಳಿ ಬಹಳ ಜನ ಮೋಸ ಹೋಗುತ್ತಿದ್ದಾರೆ. ಅದನ್ನು ಬಿಡಿಸಿಬಿಡೋಣ.

ಗೆರೆ ಒಂದಲ್ಲ, ಎರಡು

ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಹುಟ್ಟುವುದಿಲ್ಲ. 4ರಿಂದ 8 ಲಕ್ಷದವರೆಗೆ ಶೇ. 5, 8ರಿಂದ 12 ಲಕ್ಷದವರೆಗೆ ಶೇ. 10. ಅಂದರೆ 12 ಲಕ್ಷ ಆದಾಯ ಇದ್ದವರಿಗೆ 60,000 ರೂಪಾಯಿ ತೆರಿಗೆ ಹುಟ್ಟುತ್ತದೆ. ಆಮೇಲೆ ಸರ್ಕಾರ ಅದನ್ನು ಮನ್ನಾ ಮಾಡುತ್ತದೆ. ಇದಕ್ಕೆ ರಿಬೇಟ್ ಅನ್ನುತ್ತಾರೆ. ತೆರಿಗೆ ಹುಟ್ಟದೇ ಇರುವುದು ಬೇರೆ, ಹುಟ್ಟಿದ್ದು ಮನ್ನಾ ಆಗುವುದು ಬೇರೆ.

ಶಕ್ತಿ ಯೋಜನೆಯ ಬಸ್ಸು ನೆನಪು ಮಾಡಿಕೊಳ್ಳಿ. ಹೆಣ್ಣುಮಕ್ಕಳು ದುಡ್ಡು ಕೊಡಬೇಕಿಲ್ಲ. ಆದರೆ ಕಂಡಕ್ಟರ್ ಹತ್ತಿರ ಶೂನ್ಯ ಟಿಕೆಟ್ ತಗೊಳ್ಳಲೇಬೇಕು, ಅಲ್ವಾ? 4 ಲಕ್ಷದಿಂದ 12 ಲಕ್ಷದ ನಡುವೆ ಇರುವವರ ರಿಟರ್ನ್ ಅಂಥದ್ದೇ ಶೂನ್ಯ ಟಿಕೆಟ್. ದುಡ್ಡು ಇಲ್ಲ, ಲೆಕ್ಕ ಮಾತ್ರ ಒಪ್ಪಿಸಬೇಕು. ಹಾಗಾಗಿ ರಿಟರ್ನ್ ಹಾಕಬೇಕೋ ಬೇಡವೋ ಎಂದು ನೋಡುವಾಗ ನಿಮ್ಮ ಗೆರೆ 4 ಲಕ್ಷ, 12 ಲಕ್ಷ ಅಲ್ಲ.

ಹೆಜ್ಜೆ 1: ಯಾವ ವರ್ಷದ ಆದಾಯ ಅಂತ ಗುರುತು ಮಾಡಿಕೊಳ್ಳಿ

ಇಲ್ಲಿ ಹೇಳುತ್ತಿರುವುದು 2025ರ ಏಪ್ರಿಲ್ 1ರಿಂದ 2026ರ ಮಾರ್ಚ್ 31ರವರೆಗಿನ ಆದಾಯದ ಲೆಕ್ಕ. ರಿಟರ್ನ್‌ನಲ್ಲಿ ಇದಕ್ಕೆ ಅಸೆಸ್‌ಮೆಂಟ್ ವರ್ಷ 2026-27 ಎಂದು ಬರುತ್ತದೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದೆ. ಅದು ಆಮೇಲಿನ ಆದಾಯಕ್ಕೆ. ಈ ರಿಟರ್ನ್ ಇನ್ನೂ 1961ರ ಕಾಯ್ದೆಯ ಪ್ರಕಾರವೇ.

ವಯಸ್ಸಿನ ವಿಷಯ ಒಂದು ಹೇಳಿಬಿಡುತ್ತೇನೆ. "ಅರವತ್ತು ದಾಟಿದವರಿಗೆ 3 ಲಕ್ಷ, ಎಂಬತ್ತು ದಾಟಿದವರಿಗೆ 5 ಲಕ್ಷ" ಎಂದು ಯಾರಾದರೂ ಹೇಳಿದರೆ ಅವರು ಹಳೇ ಪದ್ಧತಿಯ ಮಾತು ಆಡುತ್ತಿದ್ದಾರೆ. ಹೊಸ ಪದ್ಧತಿಯಲ್ಲಿ ವಯಸ್ಸಿಗೆ ಬೆಲೆ ಇಲ್ಲ, ಎಲ್ಲರಿಗೂ 4 ಲಕ್ಷ. ನೀವೇನೂ ಹೇಳದಿದ್ದರೆ ನೀವು ಹೊಸ ಪದ್ಧತಿಯಲ್ಲೇ ಇರುತ್ತೀರಿ. ಹಳೇದೇ ಬೇಕೆಂದರೆ ಕೊನೆಯ ದಿನಾಂಕದೊಳಗೆ ರಿಟರ್ನ್ ಹಾಕಿ, ಅದರಲ್ಲೇ ಹೇಳಬೇಕು. ಪೆನ್ಷನ್ನು, ಬಡ್ಡಿ, ಸ್ವಲ್ಪ ಬಾಡಿಗೆ ಇಷ್ಟೇ ಇದ್ದು, ಒಟ್ಟು 12 ಲಕ್ಷದೊಳಗೆ ಇರುವವರಿಗೆ ಹಳೇದರಿಂದ ಯಾವ ಲಾಭವೂ ಇಲ್ಲ. ಎಲ್‌ಐಸಿ ರಸೀದಿ, ಆಸ್ಪತ್ರೆ ವಿಮೆ ರಸೀದಿ ಹುಡುಕುತ್ತಾ ಬೀರು ಖಾಲಿ ಮಾಡಬೇಡಿ.

ಹೆಜ್ಜೆ 2: ಏನೇನು ಲೆಕ್ಕಕ್ಕೆ ಬರುತ್ತದೆ

ಪೆನ್ಷನ್ ಕಾನೂನಿನ ಕಣ್ಣಲ್ಲಿ ಸಂಬಳವೇ. ಆದ್ದರಿಂದ ಅದರಲ್ಲಿ 75,000 ರೂಪಾಯಿ ನೇರವಾಗಿ ಕಳೆಯಬಹುದು. ಯಾವ ರಸೀದಿಯೂ ಬೇಕಿಲ್ಲ. ಇದನ್ನು ಕಳೆದ ಮೇಲೆ ಬರುವ ಮೊತ್ತವನ್ನೇ 4 ಲಕ್ಷದ ಪಕ್ಕ ಇಟ್ಟು ನೋಡಬೇಕು.

ಗಂಡ ತೀರಿಕೊಂಡ ಮೇಲೆ ಹೆಂಡತಿಗೆ ಬರುವ ಫ್ಯಾಮಿಲಿ ಪೆನ್ಷನ್ ಮಾತ್ರ ಸಂಬಳ ಅಲ್ಲ. ಅದು 'ಇತರ ಆದಾಯ'. ಅಲ್ಲಿ 75,000 ಸಿಗುವುದಿಲ್ಲ. ಬಂದ ಪೆನ್ಷನ್ನಿನ ಮೂರನೇ ಒಂದು ಭಾಗ ಅಥವಾ 25,000, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಕಳೆಯಬೇಕು. ತಿಂಗಳಿಗೆ 20,000 ಬರುತ್ತಿದ್ದರೆ ವರ್ಷಕ್ಕೆ 2,40,000. ಅದರಲ್ಲಿ 25,000 ಹೋದರೆ 2,15,000. ಜೊತೆಗೆ ಎಫ್‌ಡಿ ಬಡ್ಡಿ ಒಂದೂವರೆ ಲಕ್ಷ ಇದ್ದರೂ 3,65,000 ಆಯಿತು. ಅವರಿಗೆ ರಿಟರ್ನ್ ಕಡ್ಡಾಯ ಅಲ್ಲ. ಆದರೆ ಅಮ್ಮನ ಲೆಕ್ಕ ಮಾಡುವ ಮಕ್ಕಳು ಸಾಮಾನ್ಯವಾಗಿ ಇಲ್ಲೇ ಎಡವುತ್ತಾರೆ. ಅಪ್ಪನಿಗೆ ಕಳೆಯುತ್ತಿದ್ದ 75,000ವನ್ನೇ ಅಮ್ಮನಿಗೂ ಕಳೆದುಬಿಡುತ್ತಾರೆ.

ಬಡ್ಡಿ ಅಂದರೆ ಎಲ್ಲ ಬಡ್ಡಿ. ಎಫ್‌ಡಿ, ಹಿರಿಯ ನಾಗರಿಕರ ಉಳಿತಾಯ ಯೋಜನೆ, ಅಂಚೆಯ ತಿಂಗಳ ಆದಾಯ ಯೋಜನೆ, ಸೊಸೈಟಿಯ ಠೇವಣಿ, ಕೊನೆಗೆ ಉಳಿತಾಯ ಖಾತೆಗೆ ಮೂರು ತಿಂಗಳಿಗೊಮ್ಮೆ ಬೀಳುವ ಚಿಲ್ಲರೆ ಬಡ್ಡಿ ಕೂಡ. "ಆ ಎಫ್‌ಡಿ ಐದು ವರ್ಷದ್ದು, ಇನ್ನೂ ಕೈಗೇ ಬಂದಿಲ್ಲ" ಅನ್ನುವವರಿದ್ದಾರೆ. ಬ್ಯಾಂಕು ಪ್ರತಿ ವರ್ಷ ಆ ಬಡ್ಡಿಯನ್ನು ನಿಮ್ಮ ಪ್ಯಾನ್ ಹೆಸರಿನಲ್ಲಿ ಇಲಾಖೆಗೆ ತಿಳಿಸುತ್ತಿರುತ್ತದೆ, ಟಿಡಿಎಸ್ (ಕೊಡುವ ಮುಂಚೆಯೇ ಹಿಡಿದುಕೊಳ್ಳುವ ತೆರಿಗೆ) ಕೂಡ ವರ್ಷ ವರ್ಷವೇ ಹಿಡಿಯುತ್ತದೆ. ಹಾಗಾಗಿ ಆಯಾ ವರ್ಷದ ಬಡ್ಡಿಯನ್ನು ಆಯಾ ವರ್ಷವೇ ತೋರಿಸುವುದು ವಾಸಿ. ಇಲ್ಲದಿದ್ದರೆ ಐದು ವರ್ಷದ್ದು ಒಂದೇ ವರ್ಷ ಬಂದು ತಲೆ ಮೇಲೆ ಕೂರುತ್ತದೆ.

ಮನೆ ಬಾಡಿಗೆ ಇದ್ದರೆ ಕಟ್ಟಿದ ಕಂದಾಯ ಕಳೆಯಿರಿ, ಉಳಿದದ್ದರಲ್ಲಿ ಶೇ. 30 ಕಳೆಯಿರಿ. ತಿಂಗಳಿಗೆ 8,000 ಬಾಡಿಗೆ, ವರ್ಷಕ್ಕೆ 3,000 ಕಂದಾಯ ಎಂದರೆ 96,000ದಲ್ಲಿ ಲೆಕ್ಕಕ್ಕೆ ಬರುವುದು 65,100 ಮಾತ್ರ.

ಇನ್ನು ಲೆಕ್ಕಕ್ಕೆ ಬರದವು. ಪಿಪಿಎಫ್ ಬಡ್ಡಿ ಬರುವುದಿಲ್ಲ. ಸರ್ಕಾರಿ ನೌಕರರ ಗ್ರಾಚ್ಯುಟಿ, ಕಮ್ಯುಟೇಶನ್ ಹಣ (ಪೆನ್ಷನ್ನಿನ ಒಂದು ಭಾಗವನ್ನು ಮೊದಲೇ ಇಡಿಗಂಟಾಗಿ ಪಡೆದದ್ದು), ನಿವೃತ್ತಿಯಾದಾಗ ಸಿಕ್ಕ ರಜೆ ನಗದು ಇವಕ್ಕೂ ತೆರಿಗೆ ಇಲ್ಲ. ಮಗನೋ ಮಗಳೋ ಕಳಿಸಿದ ದುಡ್ಡು ಎಷ್ಟೇ ಇದ್ದರೂ ನಿಮ್ಮ ಆದಾಯ ಅಲ್ಲ. ಅದನ್ನು ಎಫ್‌ಡಿ ಇಟ್ಟರೆ ಬರುವ ಬಡ್ಡಿ ಮಾತ್ರ ನಿಮ್ಮದು. ಅಡಿಕೆ, ತೆಂಗು, ಭತ್ತದ ಆದಾಯ 4 ಲಕ್ಷದ ಲೆಕ್ಕಕ್ಕೆ ಸೇರುವುದಿಲ್ಲ. ಆದರೆ ಬೇರೆ ಕಾರಣಕ್ಕೆ ರಿಟರ್ನ್ ಹಾಕಬೇಕಾಗಿ ಬಂದು, ತೋಟದ ಆದಾಯ 5,000 ದಾಟಿದ್ದರೆ ಸುಲಭದ ಐಟಿಆರ್-1 ಫಾರ್ಮ್ ನಡೆಯುವುದಿಲ್ಲ, ಐಟಿಆರ್-2 ಬೇಕು. ಮಲೆನಾಡು, ಕರಾವಳಿ ಕಡೆಯ ಪೆನ್ಷನ್‌ದಾರರು ಇದನ್ನು ಗಮನಿಸಬೇಕು.

ಹೆಂಡತಿ ಹೆಸರಿನ ಎಫ್‌ಡಿ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ರಿಟೈರ್ ಆದಾಗ ಬಂದ ದುಡ್ಡನ್ನು ಅರ್ಧ ತನ್ನ ಹೆಸರಲ್ಲಿ, ಅರ್ಧ ಹೆಂಡತಿ ಹೆಸರಲ್ಲಿ ಇಡುವುದು ನಮ್ಮಲ್ಲಿ ಮಾಮೂಲು. ಇಡಿ, ತಪ್ಪಿಲ್ಲ. ನಾಳೆ ಅವರಿಗೆ ಆಸರೆಯಾಗುತ್ತದೆ. ಆದರೆ ಗಂಡ ಹೆಂಡತಿಯ ನಡುವೆ ತೆರಿಗೆಯ ಲೆಕ್ಕದಲ್ಲಿ ದುಡ್ಡು ಯಾರದ್ದೋ ಬಡ್ಡಿ ಅವರದ್ದೇ. ಗಂಡನ ಗ್ರಾಚ್ಯುಟಿಯಿಂದ ಹೆಂಡತಿ ಹೆಸರಿನಲ್ಲಿಟ್ಟ ಠೇವಣಿಯ ಬಡ್ಡಿ ಗಂಡನ ಆದಾಯಕ್ಕೇ ಸೇರುತ್ತದೆ. ಇದನ್ನು ಸೇರಿಸಿ ನೋಡಿದಾಗ 4 ಲಕ್ಷ ದಾಟುವವರು ಬೇಕಾದಷ್ಟು ಜನ ಇದ್ದಾರೆ.

ಹೆಜ್ಜೆ 3: ಕೂಡಿ ನೋಡಿ, ಆದರೆ ಪಾಸ್‌ಬುಕ್ ನಂಬಿ ಕೂಡಬೇಡಿ

ಈಗ ಮೇಷ್ಟ್ರ ಲೆಕ್ಕಕ್ಕೆ ಬರೋಣ. ತಿಂಗಳಿಗೆ 30,000 ಪೆನ್ಷನ್. ವರ್ಷಕ್ಕೆ 3,60,000. ಅದರಲ್ಲಿ 75,000 ಕಳೆದು 2,85,000 ಎಂದು ಸರಿಯಾಗೇ ಬರೆದಿದ್ದರು. ಅಂಚೆ ಕಚೇರಿಯಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 15 ಲಕ್ಷ ಇಟ್ಟಿದ್ದಾರೆ. ಪಾಸ್‌ಬುಕ್‌ನಲ್ಲಿ ನಾಲ್ಕು ಸಲ 27,675 ರೂಪಾಯಿ ಜಮೆ ಆಗಿದೆ. ಅದನ್ನು ಕೂಡಿ 1,10,700. ಉಳಿತಾಯ ಖಾತೆಯ ಬಡ್ಡಿ 2,600. ಒಟ್ಟು 3,98,300.

ಕೂಡಿದ್ದು ಸರಿಯೇ. ಆದರೆ ಆ 27,675 ಎಲ್ಲಿಂದ ಬಂತು? ಯೋಜನೆಯ ಬಡ್ಡಿ ಶೇ. 8.2. 15 ಲಕ್ಷಕ್ಕೆ ವರ್ಷಕ್ಕೆ 1,23,000, ಮೂರು ತಿಂಗಳಿಗೆ 30,750. ಮೇಷ್ಟ್ರಿಗೆ ಪ್ರತಿ ಸಲವೂ 3,075 ಕಡಿಮೆ ಬಂದಿದೆ. ಅದು ಶೇ. 10ರಷ್ಟು ಟಿಡಿಎಸ್. ಟಿಡಿಎಸ್ ಹಿಡಿಯಬೇಡಿ ಎಂದು ಕೊಡುವ 15ಎಚ್ ಫಾರ್ಮನ್ನು ಅವರು ಕೊಟ್ಟಿರಲಿಲ್ಲ, ಅದಕ್ಕೇ ಕಟ್ ಆಗಿದೆ. ಕಟ್ ಆದ ದುಡ್ಡೂ ಅವರ ಆದಾಯವೇ ತಾನೇ? ಅದನ್ನು ಸೇರಿಸಿದರೆ ಬಡ್ಡಿ 1,23,000, ಒಟ್ಟು 4,10,600. ಗೆರೆ ದಾಟಿತು.

ಆ 10,600ಕ್ಕೆ ಶೇ. 5ರಂತೆ ಹುಟ್ಟುವ ತೆರಿಗೆ 530 ರೂಪಾಯಿ. ಅದೂ ಮನ್ನಾ. ಆದರೆ ರಿಟರ್ನ್ ಕಡ್ಡಾಯ. ಜೊತೆಗೆ ಕಟ್ ಆದ 12,300 ಪೂರ್ತಿ ವಾಪಸ್ ಬರಬೇಕಿದೆ. ಅದು ರಿಟರ್ನ್ ಹಾಕದೆ ಬರುವುದಿಲ್ಲ. ಕೇಳಿ ಮೇಷ್ಟ್ರು ಕವರನ್ನು ತಿರುಗಿಸಿ ತಿರುಗಿಸಿ ನೋಡಿದರು. ಲೆಕ್ಕದ ಮೇಷ್ಟ್ರು ಅವರು, ಪಾಪ.

ಇದೇ ಕಥೆ ಪೆನ್ಷನ್ನಿಗೂ. ಖಾತೆಗೆ ಬಿದ್ದ ಮೊತ್ತ ಬರೆಯಬೇಡಿ. ತೆರಿಗೆ, ಸಾಲದ ಕಂತು, ವಿಮೆ ಏನೇ ಹಿಡಿದಿದ್ದರೂ ಹಿಡಿಯುವ ಮುಂಚಿನ ಮೊತ್ತ ಬೇಕು. ಅದು ಪೆನ್ಷನ್ ಕೊಡುವ ಬ್ಯಾಂಕಿನ ಫಾರ್ಮ್ 16ರಲ್ಲಿ ಇರುತ್ತದೆ. ಬಡ್ಡಿಯ ಲೆಕ್ಕಕ್ಕೆ ಬ್ಯಾಂಕಿನಲ್ಲಿ ಬಡ್ಡಿ ಪ್ರಮಾಣಪತ್ರ ಕೇಳಿ. ಇವೆರಡಕ್ಕಿಂತಲೂ ಸಲೀಸು ಎಂದರೆ ಆದಾಯ ತೆರಿಗೆ ಪೋರ್ಟಲ್‌ಗೆ ಹೋಗಿ ಎಐಎಸ್ ಮತ್ತು 26ಎಎಸ್ ಎಂಬ ಎರಡು ಪಟ್ಟಿ ತೆಗೆದು ನೋಡುವುದು. ನಿಮ್ಮ ಪ್ಯಾನ್ ಮೇಲೆ ಯಾರು ಎಷ್ಟು ಕೊಟ್ಟರು, ಎಷ್ಟು ಹಿಡಿದರು ಎಲ್ಲ ಅಲ್ಲಿ ಬಂದಿರುತ್ತದೆ. ನೀವು ಮರೆತ ಹಳೇ ಸೊಸೈಟಿ ಠೇವಣಿಯೂ ಅಲ್ಲಿ ಸಿಗಬಹುದು. ಹಾಗಂತ ಅದೇ ವೇದವಾಕ್ಯ ಅಲ್ಲ. ಒಂದೇ ಬಡ್ಡಿ ಎರಡು ಸಲ ಬಂದಿದ್ದೂ ನೋಡಿದ್ದೇನೆ. ಪಾಸ್‌ಬುಕ್ಕಿಗೆ ಹೋಲಿಸಿ.

ಒಂದು ಮಾತು: ಮೇ ತಿಂಗಳಲ್ಲೇ ಅವಸರ ಮಾಡಬೇಡಿ. ಜನವರಿಯಿಂದ ಮಾರ್ಚ್‌ವರೆಗಿನ ಟಿಡಿಎಸ್ ವಿವರ ಕೊಡಲು ಬ್ಯಾಂಕುಗಳಿಗೆ ಮೇ 31ರವರೆಗೆ ಸಮಯ ಇರುತ್ತದೆ. ಜೂನ್ 15 ಕಳೆದ ಮೇಲೆ ಕೂತರೆ ಪೂರ್ತಿ ಚಿತ್ರ ಸಿಗುತ್ತದೆ.

ಮೇಷ್ಟ್ರ ಪೆನ್ಷನ್ ತಿಂಗಳಿಗೆ ಒಂದೇ ಒಂದು ಸಾವಿರ ಕಡಿಮೆ ಇದ್ದಿದ್ದರೆ ಒಟ್ಟು 3,98,600 ಆಗುತ್ತಿತ್ತು, ರಿಟರ್ನ್ ಕಡ್ಡಾಯ ಆಗುತ್ತಿರಲಿಲ್ಲ. ಗೆರೆಯ ಹತ್ತಿರ ಇರುವವರಿಗೆ ಒಂದು ಡಿಎ ಏರಿಕೆ ಸಾಕು. "ಹೋದ ವರ್ಷ ಬೇಡ ಅಂದಿದ್ರಲ್ಲ" ಎನ್ನುವುದು ಈ ವರ್ಷಕ್ಕೆ ಉತ್ತರ ಅಲ್ಲ. ಪ್ರತಿ ವರ್ಷ ಕೂಡಿ ನೋಡಬೇಕು.

ಹೆಜ್ಜೆ 4: ಆದಾಯ ಕಡಿಮೆ ಇದ್ದರೂ ಸಿಕ್ಕಿಸುವ ಕೊಕ್ಕೆಗಳು

4 ಲಕ್ಷದ ಒಳಗೇ ಇದ್ದೀರಿ ಅಂದುಕೊಳ್ಳಿ. ಆದರೂ ಕೆಲವು ಸಂದರ್ಭದಲ್ಲಿ ರಿಟರ್ನ್ ಕಡ್ಡಾಯ. ನಮ್ಮಂಥವರಿಗೆ ಹೆಚ್ಚು ತಗಲಿಕೊಳ್ಳುವುದು ವಿದೇಶ ಪ್ರಯಾಣ. ವರ್ಷದಲ್ಲಿ ನಿಮ್ಮ ಕೈಯಿಂದ, ನಿಮಗಾಗಲಿ ಬೇರೆಯವರಿಗಾಗಲಿ, ವಿದೇಶ ಪ್ರಯಾಣಕ್ಕೆ 2 ಲಕ್ಷಕ್ಕಿಂತ ಜಾಸ್ತಿ ಖರ್ಚಾಗಿದ್ದರೆ ರಿಟರ್ನ್ ಹಾಕಲೇಬೇಕು. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ದಂಪತಿ ಇಬ್ಬರ ಟಿಕೆಟ್ಟನ್ನೂ ತಾವೇ ಕೊಂಡರೆ ಈ ಮೊತ್ತ ಸುಲಭವಾಗಿ ದಾಟುತ್ತದೆ. ಮಗಳೋ ಅಳಿಯನೋ ಟಿಕೆಟ್ ತೆಗೆದರೆ ಅದು ನಿಮ್ಮ ಖರ್ಚಲ್ಲ.

ಮಕ್ಕಳು ಹೊರದೇಶದಲ್ಲಿ ಇರುವವರಿಗೆ ಇನ್ನೊಂದು. ಅನುಕೂಲಕ್ಕೆ ಇರಲಿ ಎಂದು ಮಗ ಅಲ್ಲಿಯ ಬ್ಯಾಂಕ್ ಖಾತೆಗೆ ನಿಮ್ಮ ಹೆಸರು ಸೇರಿಸಿರಬಹುದು. ಇಲ್ಲೇ ವಾಸವಾಗಿರುವ ನಿಮಗೆ ವಿದೇಶದಲ್ಲಿ ಖಾತೆ, ಆಸ್ತಿ, ಅಥವಾ ಅಲ್ಲಿನ ಖಾತೆಗೆ ಸಹಿ ಮಾಡುವ ಅಧಿಕಾರ ಇದ್ದರೂ ಸಾಕು, ಆದಾಯ ಸೊನ್ನೆ ಇದ್ದರೂ ರಿಟರ್ನ್ ಕಡ್ಡಾಯ. ಅದೂ ಐಟಿಆರ್-1ರಲ್ಲಿ ಅಲ್ಲ. ಈ ವಿಷಯದಲ್ಲಿ ದಂಡ ದೊಡ್ಡದು. ಆಡಿಟರ್ ಹತ್ತಿರವೇ ಹೋಗಿ.

ರಿಟೈರ್ ಆದ ವರ್ಷವೇ ಒಂದು ಕೊಕ್ಕೆ. ನಿಮ್ಮ ಎಲ್ಲ ಉಳಿತಾಯ ಖಾತೆಗಳಿಗೆ ವರ್ಷದಲ್ಲಿ ಜಮೆಯಾದ ಹಣ ಒಟ್ಟು 50 ಲಕ್ಷ ಮುಟ್ಟಿದರೆ ರಿಟರ್ನ್ ಹಾಕಬೇಕು. ಗ್ರಾಚ್ಯುಟಿ, ಪಿಎಫ್, ರಜೆ ನಗದು, ಜೊತೆಗೆ ಒಂದು ಸೈಟು ಮಾರಿದ್ದರೆ ಇದು ದೂರದ ಮಾತಲ್ಲ. ಅದಕ್ಕೆ ತೆರಿಗೆ ಇದೆಯೋ ಇಲ್ಲವೋ ಇಲ್ಲಿ ಮುಖ್ಯ ಅಲ್ಲ, ಜಮೆ ಆಯಿತಾ ಎನ್ನುವುದಷ್ಟೇ.

ವರ್ಷದಲ್ಲಿ ಕರೆಂಟ್ ಬಿಲ್ಲು 1 ಲಕ್ಷ ದಾಟಿದ್ದರೂ, ಅರವತ್ತು ದಾಟಿದವರಿಗೆ ಟಿಡಿಎಸ್ಸು, ಟಿಸಿಎಸ್ಸು (ಕೆಲವು ಖರ್ಚಿನ ಜೊತೆ ವಸೂಲಿ ಮಾಡುವ ತೆರಿಗೆ) ಸೇರಿ 50,000 ಮುಟ್ಟಿದ್ದರೂ ಇದೇ ನಿಯಮ. ಚಾಲ್ತಿ ಖಾತೆಗೆ 1 ಕೋಟಿ ಜಮೆ ಮಾಡುವವರು ಈ ಲೇಖನ ಓದುತ್ತಿರಲಿಕ್ಕಿಲ್ಲ.

ಸೈಟು, ಮನೆ ಮಾರಿದವರಿಗೆ ಒಂದು ಎಚ್ಚರಿಕೆ. "ಬಂದ ದುಡ್ಡಲ್ಲಿ ಇನ್ನೊಂದು ಮನೆ ತಗೊಂಡೆ, ತೆರಿಗೆ ಇಲ್ಲ" ಎನ್ನುವುದು ಸರಿಯೇ ಇರಬಹುದು. ಆದರೆ 4 ಲಕ್ಷದ ಗೆರೆಗೆ ಹೋಲಿಸುವಾಗ ಆ ವಿನಾಯಿತಿ ಕಳೆಯುವ ಮುಂಚಿನ ಲಾಭವನ್ನೇ ಹಿಡಿಯಬೇಕು. ಹಾಗಾಗಿ ರಿಟರ್ನ್ ತಪ್ಪುವುದಿಲ್ಲ. ಇನ್ನೂ ಒಂದಿದೆ: 12 ಲಕ್ಷದ ಮನ್ನಾ ಇಂಥ ದೀರ್ಘಾವಧಿ ಲಾಭದ ಮೇಲಿನ ತೆರಿಗೆಗೆ ಅನ್ವಯಿಸುವುದಿಲ್ಲ. ಷೇರು, ಷೇರಿನಲ್ಲಿ ಹೂಡುವ ಮ್ಯೂಚುವಲ್ ಫಂಡ್ ಮಾರಿ ಬಂದ ಲಾಭಕ್ಕೂ ಅಷ್ಟೇ. ಷೇರಿನ ದೀರ್ಘಾವಧಿ ಲಾಭದಲ್ಲಿ ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆ ಇಲ್ಲ, ಅದರಾಚೆಗೆ ಶೇ. 12.5.

ಹೆಜ್ಜೆ 5: 15ಎಚ್ ಮತ್ತು ವಾಪಸ್ ಬರಬೇಕಾದ ದುಡ್ಡು

ನಿಮಗೆ ಅರವತ್ತು ದಾಟಿದ್ದು, ಒಂದು ಬ್ಯಾಂಕಿನಲ್ಲಿ ನಿಮ್ಮ ಬಡ್ಡಿ ವರ್ಷಕ್ಕೆ 1 ಲಕ್ಷ ದಾಟಿದರೆ ಆ ಬ್ಯಾಂಕು ಶೇ. 10 ಹಿಡಿಯುತ್ತದೆ. ಹಿರಿಯ ನಾಗರಿಕರಿಗೆ 2025ರ ಮಾರ್ಚ್‌ವರೆಗೆ ಈ ಮಿತಿ 50,000 ಇತ್ತು. ಬ್ಯಾಂಕಿಗೆ ನಿಮ್ಮ ಒಟ್ಟು ಆದಾಯ ಗೊತ್ತಿರುವುದಿಲ್ಲ. "ನನಗೆ ಕೊನೆಗೆ ತೆರಿಗೆ ಸೊನ್ನೆ, ಹಿಡಿಯಬೇಡಿ" ಎಂದು ಬರೆದುಕೊಡುವ ಕಾಗದವೇ ನಾವೆಲ್ಲ 15ಎಚ್ ಎಂದು ಕರೆಯುವ ಫಾರ್ಮ್. ಅರವತ್ತು ದಾಟಿದವರು, ಮನ್ನಾ ಲೆಕ್ಕ ಹಾಕಿದ ಮೇಲೆ ತೆರಿಗೆ ಸೊನ್ನೆ ಬರುವಂತಿದ್ದರೂ ಇದನ್ನು ಕೊಡಬಹುದು.

ಏಪ್ರಿಲ್ ಮೊದಲ ವಾರದಲ್ಲೇ ಕೊಡಬೇಕು. ಪ್ರತಿ ವರ್ಷ ಕೊಡಬೇಕು. ಪ್ರತಿ ಬ್ಯಾಂಕಿಗೂ ಬೇರೆ ಬೇರೆ ಕೊಡಬೇಕು. ಈ ಮೂರನೇ ಮಾತು ನಾನು ದುಡ್ಡು ಕೊಟ್ಟು ಕಲಿತದ್ದು. 2024ರಲ್ಲಿ ಒಂದು ಬ್ಯಾಂಕಿಗೆ ಕೊಟ್ಟು, ಇನ್ನೊಂದಕ್ಕೆ ನಾಳೆ ಹೋದರಾಯಿತು ಎಂದುಕೊಂಡೆ. ಆ ನಾಳೆ ಬರಲೇ ಇಲ್ಲ. 64,000 ಬಡ್ಡಿಗೆ 6,400 ಕಟ್ ಆಯಿತು. ಊರಿಗೆಲ್ಲ ಬುದ್ಧಿ ಹೇಳುವವನು ನಾನು. ಮನೆಯಲ್ಲಿ ಇವತ್ತಿಗೂ ಅದನ್ನು ನೆನಪಿಸುತ್ತಾರೆ.

ಕೊಡುವಾಗ ನಕಲು ಪ್ರತಿ ಮೇಲೆ ಸೀಲು ಹಾಕಿಸಿಕೊಳ್ಳಿ. ಪ್ಯಾನ್ ಕೊಟ್ಟಿರದಿದ್ದರೆ ಹಿಡಿಯುವುದು ಶೇ. 10 ಅಲ್ಲ, 20.

ಇನ್ನು ಬಹಳ ಜನರ ತಪ್ಪು ತಿಳಿವಳಿಕೆ: "15ಎಚ್ ಕೊಟ್ಟಿದೀನಿ, ಹಂಗಾಗಿ ರಿಟರ್ನ್ ಬೇಡ." ಇಲ್ಲ. 15ಎಚ್ ಟಿಡಿಎಸ್ ತಡೆಯುತ್ತದೆ, ಅಷ್ಟೇ. 4 ಲಕ್ಷ ದಾಟಿದ್ದರೆ ರಿಟರ್ನ್ ಇದ್ದೇ ಇದೆ.

4 ಲಕ್ಷದೊಳಗೆ ಇದ್ದೂ ಟಿಡಿಎಸ್ ಕಟ್ ಆಗಿದ್ದರೆ? ಆಗ ಕಡ್ಡಾಯ ಅಲ್ಲ, ಆದರೆ ನಿಮ್ಮ ದುಡ್ಡು ಬೇಕೆಂದರೆ ಹಾಕಲೇಬೇಕು. ಕೊನೆಯ ದಿನವಾದ ಜುಲೈ 31 ತಪ್ಪಿದರೂ ಡಿಸೆಂಬರ್ 31ರವರೆಗೆ ತಡವಾಗಿ ಹಾಕಲು ಅವಕಾಶ ಇದೆ. ಅದೂ ತಪ್ಪಿದರೆ ಆ ದುಡ್ಡನ್ನು ಮರೆತ ಹಾಗೆಯೇ. ಆಮೇಲೆ ಹಾಕುವ ಅಪ್‌ಡೇಟೆಡ್ ರಿಟರ್ನ್‌ನಲ್ಲಿ ರೀಫಂಡ್ ಕೇಳುವಂತಿಲ್ಲ. ತಡವಾಯಿತು, ಮನ್ನಿಸಿ ಎಂದು ಇಲಾಖೆಗೆ ಅರ್ಜಿ ಹಾಕುವ ದಾರಿ ಇದೆ, ಆದರೆ ಎಂಟು ಹತ್ತು ಸಾವಿರಕ್ಕೆ ಆ ಓಡಾಟ ಯಾರಿಗೆ ಬೇಕು?

ತಡವಾದರೆ ಶುಲ್ಕವೂ ಇದೆ. ಆದಾಯ 4 ಲಕ್ಷ ದಾಟಿ 5 ಲಕ್ಷದೊಳಗಿದ್ದರೆ 1,000, ಅದಕ್ಕಿಂತ ಜಾಸ್ತಿ ಇದ್ದರೆ 5,000. ಅಂದರೆ 6 ಲಕ್ಷ ಆದಾಯದ ಪೆನ್ಷನ್‌ದಾರರಿಗೆ ತೆರಿಗೆ ಸೊನ್ನೆ, ತಡ ಮಾಡಿದ್ದಕ್ಕೆ 5,000. 4 ಲಕ್ಷದೊಳಗೆ ಇದ್ದು, ಹೆಜ್ಜೆ 4ರ ಯಾವ ಕೊಕ್ಕೆಗೂ ಸಿಕ್ಕದವರಿಗೆ ಈ ಶುಲ್ಕ ಇಲ್ಲ.

ಹೆಜ್ಜೆ 6: ಎಪ್ಪತ್ತೈದು ದಾಟಿದವರಿಗೆ ಒಂದು ರಿಯಾಯಿತಿ

75 ದಾಟಿದವರಿಗೆ ರಿಟರ್ನ್‌ನಿಂದ ಪೂರ್ತಿ ಮಾಫಿ ಎಂದು ಸುದ್ದಿ ಓಡಾಡುತ್ತಿರುತ್ತದೆ. ಅರ್ಧ ನಿಜ. 2021ರ ಏಪ್ರಿಲ್‌ನಿಂದ ಇಂಥದ್ದೊಂದು ನಿಯಮ ಇದೆ. ಆದರೆ ನಿಮ್ಮ ಆದಾಯ ಪೆನ್ಷನ್ ಮತ್ತು ಬಡ್ಡಿ ಎರಡೇ ಆಗಿರಬೇಕು. ಎರಡೂ ಒಂದೇ ಬ್ಯಾಂಕಿನಲ್ಲಿ ಬರಬೇಕು. ಆ ಬ್ಯಾಂಕಿಗೆ 12ಬಿಬಿಎ ಎಂಬ ಫಾರ್ಮ್ ಕೊಟ್ಟಿರಬೇಕು. ಆಗ ಬ್ಯಾಂಕೇ ಲೆಕ್ಕ ಹಾಕಿ, ತೆರಿಗೆ ಇದ್ದರೆ ಹಿಡಿದು ಕಟ್ಟುತ್ತದೆ, ರಿಟರ್ನ್ ಬೇಡ. ಅಂಚೆ ಕಚೇರಿಯಲ್ಲಿ ಒಂದು ಸಣ್ಣ ಠೇವಣಿ, ಮನೆಯ ಹಿಂದಿನ ರೂಮಿನ ಬಾಡಿಗೆ, ಷೇರಿನ ಡಿವಿಡೆಂಡ್ ಇವುಗಳಲ್ಲಿ ಒಂದಿದ್ದರೂ ಈ ರಿಯಾಯಿತಿ ಸಿಗುವುದಿಲ್ಲ. ನನ್ನ ಮೇಜಿಗೆ ಬರುವವರಲ್ಲಿ ಇದಕ್ಕೆ ಹೊಂದುವವರು ಕಡಿಮೆ. ನಮ್ಮವರು ಎಲ್ಲ ಮೊಟ್ಟೆಗಳನ್ನೂ ಒಂದೇ ಬ್ಯಾಂಕಿನಲ್ಲಿ ಇಡುವವರಲ್ಲ.

ಎಂಬತ್ತು ದಾಟಿದವರಿಗೆ ಬೇರೊಂದು ಅನುಕೂಲ. ಅವರು ಐಟಿಆರ್-1 ಅನ್ನು ಕಾಗದದಲ್ಲೇ ತುಂಬಿ ಕೊಡಬಹುದು. ಬಾಕಿಯವರೆಲ್ಲ ಆನ್‌ಲೈನ್.

ಹೆಜ್ಜೆ 7: ಹಾಕುವುದು ಹೇಗೆ

ಪೆನ್ಷನ್, ಬಡ್ಡಿ, ಒಂದು ಮನೆಯ ಬಾಡಿಗೆ ಇಷ್ಟೇ ಇದ್ದರೆ ಐಟಿಆರ್-1 ಸಾಕು. ಅದಕ್ಕೆ 'ಸಹಜ್' ಎಂದು ಹೆಸರು. ಪೋರ್ಟಲ್‌ನಲ್ಲಿ ಪ್ಯಾನ್ ನಂಬರೇ ಬಳಕೆದಾರರ ಹೆಸರು. ಒಳಗೆ ಹೋದರೆ ಪೆನ್ಷನ್, ಬಡ್ಡಿ, ಟಿಡಿಎಸ್ ಬಹುಪಾಲು ಮೊದಲೇ ತುಂಬಿರುತ್ತದೆ. ನಿಮ್ಮ ಕೆಲಸ ಅದನ್ನು ಹೋಲಿಸಿ ನೋಡುವುದು, ಬಿಟ್ಟುಹೋದದ್ದನ್ನು ಸೇರಿಸುವುದು. ಉಳಿತಾಯ ಖಾತೆಯ ಬಡ್ಡಿಯೇ ಸಾಮಾನ್ಯವಾಗಿ ಬಿಟ್ಟುಹೋಗುವುದು. ರೀಫಂಡ್ ಬರಬೇಕಾದ ಬ್ಯಾಂಕ್ ಖಾತೆಯನ್ನು ಮೊದಲೇ ವ್ಯಾಲಿಡೇಟ್ ಮಾಡಿಡಿ. ಪ್ಯಾನ್‌ನಲ್ಲೂ ಬ್ಯಾಂಕಿನಲ್ಲೂ ಹೆಸರು ಒಂದೇ ಥರ ಇರಬೇಕು. ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಅಪ್ಪನ ಪೂರ್ತಿ ಹೆಸರು ಇದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇದು ನಮ್ಮ ದಕ್ಷಿಣದವರ ಕರ್ಮ.

ಐಟಿಆರ್-1ಕ್ಕೆ ಕೊನೆಯ ದಿನ ಜುಲೈ 31. 2025ರಲ್ಲಿ ಅದನ್ನು ಸೆಪ್ಟೆಂಬರ್‌ವರೆಗೆ ಮುಂದೂಡಿದ್ದರು. ಪ್ರತಿ ವರ್ಷ ಮುಂದೂಡುತ್ತಾರೆ ಎಂದು ಕಾಯಬೇಡಿ.

ಹೊರಗಡೆ ಮಾಡಿಸುವುದಾದರೆ ಮಾಡಿಸಿ. ಆದರೆ "ನಿಮಗೆ ಜಾಸ್ತಿ ರೀಫಂಡ್ ಬರೋ ಹಾಗೆ ಮಾಡ್ತೀನಿ, ನನಗಿಷ್ಟು ಕೊಡಿ" ಅನ್ನುವವರಿಂದ ಎದ್ದು ಬನ್ನಿ. ಇಲ್ಲದ ಕಾಯಿಲೆ, ಕೊಡದ ದೇಣಿಗೆ ತೋರಿಸಿ ರೀಫಂಡ್ ತೆಗೆಸುವ ದಂಧೆ ಅದು. ನೋಟಿಸು ಬಂದಾಗ ಅವರ ಫೋನ್ ಸ್ವಿಚ್ ಆಫ್ ಇರುತ್ತದೆ, ಪ್ಯಾನ್ ನಿಮ್ಮದಿರುತ್ತದೆ. ಹಾಗೆಯೇ "ನಿಮ್ಮ ರೀಫಂಡ್ ಮಂಜೂರಾಗಿದೆ, ಈ ಲಿಂಕ್ ಒತ್ತಿ" ಎನ್ನುವ ಮೆಸೇಜನ್ನು ಅಳಿಸಿಹಾಕಿ. ರೀಫಂಡ್‌ಗೆ ಯಾವ ಲಿಂಕನ್ನೂ ಒತ್ತಬೇಕಿಲ್ಲ, ಖಾತೆಗೆ ತಾನಾಗೇ ಬರುತ್ತದೆ.

ಗೃಹಲಕ್ಷ್ಮಿ ಹಣದ ಭಯವೂ ಕೆಲವರಿಗಿದೆ. ಮನೆಯ ಯಜಮಾನಿಯೋ ಅವರ ಗಂಡನೋ ಆದಾಯ ತೆರಿಗೆ ಪಾವತಿದಾರರಾಗಿದ್ದರೆ 2,000 ಸಿಗುವುದಿಲ್ಲ ಎಂಬುದು ನಿಯಮ. ರಿಟರ್ನ್ ಹಾಕುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ಆದರೂ ಪಟ್ಟಿ ಮಾಡುವಾಗ ಎರಡೂ ಒಂದೇ ಆಗಿಬಿಟ್ಟರೆ ತೋರಿಸಲು ಕೈಯಲ್ಲಿ ಕಾಗದ ಇರಲಿ. ರಿಟರ್ನ್ ಪರಿಶೀಲನೆಯಾದ ಮೇಲೆ ಇಲಾಖೆಯಿಂದ ಒಂದು ಇಂಟಿಮೇಶನ್ ಬರುತ್ತದೆ. ತೆರಿಗೆ ಸೊನ್ನೆ ಎಂದು ಅದರಲ್ಲೇ ಇರುತ್ತದೆ. ಪ್ರಿಂಟ್ ತೆಗೆದಿಡಿ.

ಕೊನೆಯ ಕೆಲಸವನ್ನೇ ಜನ ಮರೆಯುವುದು. ರಿಟರ್ನ್ ಸಲ್ಲಿಸಿ 30 ದಿನದೊಳಗೆ ಇ-ವೆರಿಫೈ ಮಾಡಬೇಕು, ಅಂದರೆ ಹಾಕಿದ್ದು ನಾನೇ ಎಂದು ಆನ್‌ಲೈನ್‌ನಲ್ಲಿ ಖಚಿತಪಡಿಸಬೇಕು. ಮಾಡದಿದ್ದರೆ ಹಾಕಿದ್ದೂ ಹಾಕದ ಲೆಕ್ಕ. ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರುತ್ತದೆ, ಅದನ್ನು ಹಾಕಿದರೆ ಮುಗಿಯಿತು. ನೆಟ್ ಬ್ಯಾಂಕಿಂಗ್ ಮೂಲಕವೂ ಆಗುತ್ತದೆ. ಎರಡೂ ಇಲ್ಲದವರು ಐಟಿಆರ್-ವಿ ಎಂಬ ಒಂದು ಹಾಳೆಯ ಪ್ರಿಂಟ್ ತೆಗೆದು, ಸಹಿ ಮಾಡಿ, ಅಂಚೆಯಲ್ಲಿ ಕಳಿಸಬಹುದು. ದೇಶದ ಮೂಲೆ ಮೂಲೆಯಿಂದ ಈ ಹಾಳೆಗಳು ಬರುವುದು ನಮ್ಮ ಬೆಂಗಳೂರಿಗೇ, 560500 ಪಿನ್‌ಕೋಡಿನ ಕೇಂದ್ರಕ್ಕೆ. ಅದೂ 30 ದಿನದೊಳಗೆ ತಲುಪಬೇಕು.

ಮೇಷ್ಟ್ರ ರಿಟರ್ನ್ ತುಂಬಲು ಅರ್ಧ ಗಂಟೆ ಹಿಡಿಯಿತು. ರೀಫಂಡ್ 12,300 ಎಂದು ಪರದೆ ಮೇಲೆ ಬಂದಾಗ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆಮೇಲೆ ಒಟಿಪಿ ಒತ್ತಿದೆ. ಇಬ್ಬರೂ ಅವರ ಫೋನನ್ನೇ ನೋಡುತ್ತಾ ಕೂತೆವು. ಬರಲಿಲ್ಲ. ಇನ್ನೊಮ್ಮೆ ಒತ್ತಿದೆ. ಆಗ ನೆನಪಾಯಿತು ಅವರಿಗೆ, ಆಧಾರ್ ಮಾಡಿಸುವಾಗ ಮಗನ ಹಳೇ ನಂಬರ್ ಕೊಟ್ಟಿದ್ದರು. ಆ ಸಿಮ್ ಎಲ್ಲಿದೆಯೋ ಮಗನಿಗೇ ಗೊತ್ತಿಲ್ಲ. ಮರುದಿನ ಬೆಳಿಗ್ಗೆ ಮದುವೆ ಕಾರ್ಡಿನ ಕವರು ಹಿಡಿದು ಆಧಾರ್ ಕೇಂದ್ರದ ಸಾಲಿನಲ್ಲಿ ನಿಂತರು. ನೀವು ಆ ನಂಬರನ್ನು ಇವತ್ತೇ ನೋಡಿಕೊಳ್ಳಿ.